ಅಡುಗೆಮನೆಯ ಬಣ್ಣ ಕಾಗದದ ಮೇಲೆ ನಿಲ್ಲುತ್ತಾ?

ಕೇಳಿದ್ದು: ಅರಿಶಿನ, ಬೀಟ್‌ರೂಟ್, ಕಾಫಿಯಲ್ಲಿ ಚಿತ್ರ ಬರೆಯೋಕೆ ಶುರು ಮಾಡಿದ್ದೀನಿ. ಬರೆದಾಗ ಚೆಂದ, ಆಮೇಲೆ ಮಂಕಾಗುತ್ತೆ. ಬಾಟಲಿಯಲ್ಲಿಟ್ಟ ರಸಕ್ಕೆ ಬೂಷ್ಟು ಬರುತ್ತೆ. ಮಾಡಿ ನೋಡಿದವರು ಹೇಳಿ.

— ಬೀಟ್‌ರೂಟ್ ಆಸೆ ಬಿಟ್ಟುಬಿಡಿ. ಬಿಸಿಲು ಬೇಡ, ಬರೀ ಬೆಳಕು ಸಾಕು, ಗುಲಾಬಿ ಹೋಗಿ ಕಂದಾಗುತ್ತೆ. ಅರಿಶಿನವೂ ಬೆಳಕಿಗೆ ತಡೆಯಲ್ಲ. ಇವೆರಡಕ್ಕಿಂತ ಕಾಫಿ ಎಷ್ಟೋ ವಾಸಿ. ಗಟ್ಟಿ ಡಿಕಾಕ್ಷನ್ ಮಾಡಿ ತೆಳುವಾಗಿ ಪದರದ ಮೇಲೆ ಪದರ ಹಚ್ಚಿ, ಪ್ರತಿ ಪದರ ಪೂರ್ತಿ ಒಣಗಲಿ. ಸಕ್ಕರೆ ಹಾಕಿದ್ದು ಬೇಡ, ಇರುವೆ ನಿಮ್ಮ ಮೊದಲ ವಿಮರ್ಶಕ ಆಗುತ್ತೆ.

— ನನಗೆ ಇಷ್ಟ ನೇರಳೆ ಎಲೆಕೋಸು. ಕುದಿಸಿ ಸೋಸಿದ ನೀರನ್ನು ಕಾಗದಕ್ಕೆ ಬಳಿಯಿರಿ. ಇನ್ನೂ ಹಸಿ ಇರುವಾಗಲೇ ಕುಂಚದ ತುದಿಯಲ್ಲಿ ನಿಂಬೆರಸ ಮುಟ್ಟಿಸಿದರೆ ಅಲ್ಲೊಂದು ಗುಲಾಬಿ ಹೂ ಅರಳುತ್ತೆ, ಪಕ್ಕದಲ್ಲಿ ಅಡುಗೆ ಸೋಡಾ ನೀರು ಬಿಟ್ಟರೆ ನೀಲಿ, ಜಾಸ್ತಿಯಾದರೆ ಹಸಿರು. ಎರಡೂ ಸೇರುವ ಅಂಚಲ್ಲಿ ಸಣ್ಣ ನೊರೆ ಏಳುತ್ತೆ, ಒಣಗಿದ ಮೇಲೆ ಆ ಗುರುತೂ ಚಿತ್ರದ ಭಾಗವೇ. ಅರಿಶಿನದ ಮೇಲೂ ಸೋಡಾ ನೀರಲ್ಲಿ ಬರೆದು ನೋಡಿ, ಇಟ್ಟಿಗೆ ಕೆಂಪು ಬರುತ್ತೆ.

— ಬಾಳಿಕೆ ಬೇಕಾದರೆ ಆಹಾರವನ್ನು ಬಣ್ಣ ಮಾಡಬೇಡಿ, ಅಂಟು ಮಾಡಿ. ತೈಲವರ್ಣ ರೂಢಿಗೆ ಬರೋ ಮುಂಚೆ ಯೂರೋಪಿನವರು ಮೊಟ್ಟೆಯ ಹಳದಿಯಲ್ಲೇ ಬಣ್ಣದ ಪುಡಿ ಕಲಸಿ ಮರದ ಹಲಗೆ ಮೇಲೆ ಬರೆಯುತ್ತಿದ್ದರು. ಹಳದಿಯನ್ನು ಒಣ ಬಟ್ಟೆ ಮೇಲೆ ಮೆಲ್ಲಗೆ ಉರುಳಿಸಿ ಬಿಳಿ ಲೋಳೆ ತೆಗೀರಿ. ಪೊರೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಸೂಜಿ ಚುಚ್ಚಿದರೆ ಒಳಗಿನದು ಬಟ್ಟಲಿಗೆ ಇಳಿಯುತ್ತೆ, ಪೊರೆ ಕೈಯಲ್ಲೇ ಉಳಿಯುತ್ತೆ. ಸ್ವಲ್ಪ ನೀರು ಸೇರಿಸಿ ಪುಡಿ ಕಲಸಿ. ಮೊಟ್ಟೆಯ ಹಳದಿ ಛಾಯೆ ಬೆಳಕಿಗೆ ತಾನೇ ಹೋಗುತ್ತೆ, ಹೆದರಬೇಡಿ. ಅವತ್ತಿನದು ಅವತ್ತೇ ಮುಗಿಸಿ.

— ಕಪ್ಪು ಬೇಕಾ? ತುಕ್ಕು ಮೊಳೆಗಳನ್ನು ವಿನೆಗರ್‌ನಲ್ಲಿ ಕೆಲವು ದಿನ ನೆನೆಸಿ, ಮುಚ್ಚಳ ಬಿಗಿ ಬೇಡ, ಗ್ಯಾಸ್ ಬರುತ್ತೆ. ಆ ನೀರನ್ನು ಕಡು ಟೀ ಡಿಕಾಕ್ಷನ್‌ಗೆ ಹನಿಹನಿಯಾಗಿ ಹಾಕಿದರೆ ಕಣ್ಣೆದುರೇ ಕಪ್ಪಾಗುತ್ತೆ. ಜಾಸ್ತಿ ಹಾಕಿದರೆ ಬರಬರುತ್ತಾ ಕಾಗದವನ್ನೇ ತಿನ್ನುತ್ತೆ.

— ಉಳಿಯಲೇಬೇಕು ಅನ್ನೋದೇ ಯಾಕೆ? ಬ್ರೆಜಿಲ್ ಮೂಲದ ಕಲಾವಿದ ವಿಕ್ ಮುನಿಜ್ 1999ರಲ್ಲಿ ಮೋನಾಲಿಸಾಳನ್ನು ಪೀನಟ್ ಬಟರ್‌ನಲ್ಲೊಮ್ಮೆ, ಜೆಲ್ಲಿಯಲ್ಲೊಮ್ಮೆ ಬರೆದು ಫೋಟೊ ತೆಗೆದರು. ಅವರ ಕೃತಿ ಅಂದರೆ ಆ ಫೋಟೊನೇ. ನೀವೂ ಬಣ್ಣ ತಾಜಾ ಇರುವಾಗಲೇ ಸ್ಕ್ಯಾನ್ ಮಾಡಿ.

— ಬೂಷ್ಟಿನ ಮಾತಿಗೆ ಯಾರೂ ಬರಲಿಲ್ಲ. ರಸ ಬೇಕಾದಷ್ಟೇ ಮಾಡಿ ಫ್ರಿಜ್‌ನಲ್ಲಿಡಿ, ಒಂದೆರಡು ಹನಿ ಲವಂಗದ ಎಣ್ಣೆ ಬಿಟ್ಟರೆ ಇನ್ನೊಂದಿಷ್ಟು ದಿನ ತಡೆಯುತ್ತೆ. ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದ ಹಾಗೆ ಸಂದು ಬಿಡಿಸಿ.