ಯುಎಸ್‌ಬಿ ಡಿಎಂಎಕ್ಸ್ ಮತ್ತು ಜಾವಾಸ್ಕ್ರಿಪ್ಟ್: ಬೆಳಕು ಇಳಿಸುವಾಗ ದೀಪಗಳು ಮಿನುಗುವುದೇಕೆ?

ಪ್ರಶ್ನೆ:
ನಮ್ಮ ಹವ್ಯಾಸಿ ನಾಟಕ ತಂಡಕ್ಕಾಗಿ ನೋಡ್ ಜೆಎಸ್‌ನಲ್ಲಿ ಬೆಳಕಿನ ಪ್ರೋಗ್ರಾಂ ಬರೆದಿದ್ದೇನೆ. ರಂಗದೀಪಗಳನ್ನು ನಿಯಂತ್ರಿಸುವ ಡಿಎಂಎಕ್ಸ್ ಸಂಕೇತವನ್ನು ಅದು ಕಳಿಸುತ್ತದೆ. ಯುಎಸ್‌ಬಿಯನ್ನು ಸೀರಿಯಲ್ ಸಂಕೇತವಾಗಿಸುವ ಎಫ್‌ಟಿಡಿಐ ಚಿಪ್ ಮಾತ್ರವಿರುವ ಯುಎಸ್‌ಬಿ ಕೇಬಲ್‌ಗೆ ಸೀರಿಯಲ್‌ಪೋರ್ಟ್ ಲೈಬ್ರರಿಯ ಮೂಲಕ 250000 ಬಾಡ್ ವೇಗದಲ್ಲಿ, 2 ಸ್ಟಾಪ್ ಬಿಟ್ ಇಟ್ಟು, 512 ಚಾನೆಲ್‌ಗಳನ್ನೂ (ಒಂದೊಂದೂ ಒಂದು ಬೈಟಿನ ಮಟ್ಟ) ಕಳಿಸುತ್ತೇನೆ. ಬೆಳಕು ಸ್ಥಿರವಾಗಿರುವಾಗ ಸೆಕೆಂಡಿಗೆ ಎರಡು ಫ್ರೇಮ್ (ಎಲ್ಲ ಚಾನೆಲ್‌ಗಳ ಒಂದು ಸುತ್ತು) ಸಾಕೆನಿಸಿತು. ಬೆಳಕು ಇಳಿಸುವಾಗ ಮಾತ್ರ ಸೆಟ್‌ಇಂಟರ್‌ವಲ್ ಟೈಮರ್‌ನಿಂದ 20 ಮಿಲಿಸೆಕೆಂಡಿಗೊಂದು. ತೊಂದರೆ ಬರುವುದು ಆಗಲೇ. ನಿನ್ನೆಯ ತಾಲೀಮಿನಲ್ಲಿ ಕೆಂಪು ಬೆಳಕು ಮೆಲ್ಲನೆ ಆರುತ್ತಿದ್ದಾಗ ನಟಿಯ ಮುಖದ ಮೇಲೆ ಒಂದು ಕ್ಷಣ ಹಸಿರು ಮಿಂಚಿ, ದೃಶ್ಯವೇ ಕೆಟ್ಟಿತು. ನಾಲ್ಕೂ ದೀಪಗಳಲ್ಲಿ ಕೆಂಪು, ಹಸಿರು, ನೀಲಿ, ಬಿಳಿ ಎಂಬ ಕ್ರಮದಲ್ಲಿ ನಾಲ್ಕು ಚಾನೆಲ್‌ಗಳಿವೆ.

ಉತ್ತರ 1:
ಲೆಕ್ಕ ಹಾಕಿ ನೋಡಿ. ಒಂದು ಬೈಟಿಗೆ 44 ಮೈಕ್ರೋಸೆಕೆಂಡು. ಫ್ರೇಮಿನ ಮೊದಲಿಗೆ ಬರುವ ಸೊನ್ನೆ ಬೈಟು, ಅಂದರೆ ಸ್ಟಾರ್ಟ್ ಕೋಡ್, ಸೇರಿ 513 ಬೈಟುಗಳಿಗೆ ಸುಮಾರು 22.6 ಮಿಲಿಸೆಕೆಂಡು ಬೇಕು. ನೀವು 20ಕ್ಕೇ ಮುಂದಿನ ಬ್ರೇಕ್ (ಹೊಸ ಫ್ರೇಮಿನ ಆರಂಭ ಸಾರುವ ಸಂಕೇತ) ಕೊಡುವುದರಿಂದ ಹಿಂದಿನ ಫ್ರೇಮಿನ ಬಾಲ ಬಫರ್‌ನಲ್ಲಿ ಉಳಿಯುತ್ತದೆ, ಆ ಬಾಕಿ ಪ್ರತಿ ಸಲವೂ ಬೆಳೆಯುತ್ತದೆ. ಹೀಗೆ ಬ್ರೇಕ್ ಒಂದು ದೀಪದ ನೀಲಿ ಚಾನೆಲ್‌ಗೆ ಮೊದಲು ಬಿದ್ದರೆ, ನೀಲಿಯ ಸೊನ್ನೆಯೇ ಸ್ಟಾರ್ಟ್ ಕೋಡ್ ಎನಿಸಿಕೊಂಡು, ಬಿಳಿಯ ಸೊನ್ನೆ ಮೊದಲ ಚಾನೆಲ್ ಆಗಿ, ಮುಂದಿನ ದೀಪದ ಕೆಂಪು ಹಸಿರಿನ ಜಾಗಕ್ಕೆ ಬರುತ್ತದೆ. ನೀವು ಕಂಡ ಹಸಿರು ಬಹುಶಃ ಅದೇ.

ಸೆಟ್‌ಇಂಟರ್‌ವಲ್ ಬಿಟ್ಟು, ಬ್ರೇಕ್, ರೈಟ್ (ಬರೆಯುವುದು), ಡ್ರೈನ್ (ಬಫರ್ ಖಾಲಿಯಾಗುವವರೆಗೆ ಕಾಯುವುದು) ಇವನ್ನು ಒಂದಾದ ಮೇಲೊಂದು ಅವೇಟ್ ಮಾಡಿ, ಅಂದರೆ ಒಂದು ಮುಗಿದ ಮೇಲೇ ಇನ್ನೊಂದು. ಚಿಪ್ಪಿನೊಳಗೂ ಕೆಲವು ಬೈಟುಗಳು ಉಳಿದಿರಬಹುದಾದ್ದರಿಂದ ಫ್ರೇಮುಗಳ ನಡುವೆ ಒಟ್ಟು 40 ಮಿಲಿಸೆಕೆಂಡು ಅಂತರವಿಡಿ. ಬ್ರೇಕ್ 88 ಮೈಕ್ರೋಸೆಕೆಂಡಿಗಿಂತ ಉದ್ದವಾದರೆ ಹಾನಿಯಿಲ್ಲ, ಆದ್ದರಿಂದ ಜಾವಾಸ್ಕ್ರಿಪ್ಟ್ ಟೈಮರ್‌ಗಳ ಒರಟುತನ ಇಲ್ಲಿ ಅಡ್ಡಿಯಾಗದು. ಬೆಳಕಿನ ಮಟ್ಟವನ್ನು ಮಾತ್ರ ಹೆಜ್ಜೆ ಎಣಿಸದೆ, ಕಳೆದ ಸಮಯದಿಂದ ಲೆಕ್ಕ ಹಾಕಿ.

ಉತ್ತರ 2:
ಪ್ರದರ್ಶನಕ್ಕೆ ಹೋಗುವ ಮುನ್ನ, ಒಳಗೇ ಮೈಕ್ರೋಕಂಟ್ರೋಲರ್ ಇರುವ ಎನ್‌ಟೆಕ್ ಡಿಎಂಎಕ್ಸ್ ಯುಎಸ್‌ಬಿ ಪ್ರೋದಂಥ ಸಾಧನಕ್ಕೆ ಬದಲಾಗುವುದು ಲೇಸು. ಅದಕ್ಕೆ 126, 6, 1, 2 ಎಂಬ ನಾಲ್ಕು ಬೈಟು, ಬಳಿಕ ಸೊನ್ನೆಯಿಂದ ಆರಂಭವಾಗುವ 513 ಬೈಟು, ಕೊನೆಗೆ 231 ಕಳಿಸಿದರೆ ಸಾಕು. ಬ್ರೇಕಿನ ಹೊಣೆ ಅದರದ್ದೇ. ಬ್ರೌಸರ್‌ನಿಂದಲೇ ಸೀರಿಯಲ್ ಸಾಧನಗಳನ್ನು ನಡೆಸುವ ಕ್ರೋಮ್‌ನ ವೆಬ್ ಸೀರಿಯಲ್ ಬಳಸುವುದಾದರೆ, ಹಿನ್ನೆಲೆಗೆ ಸರಿದ ಟ್ಯಾಬಿನ ಟೈಮರ್‌ಗಳು ನಿಧಾನವಾಗುತ್ತವೆ ಎಂಬುದು ನೆನಪಿರಲಿ. ಕೊನೆಯ ದೀಪಕ್ಕೆ 120 ಓಮ್ ಟರ್ಮಿನೇಟರ್ (ತಂತಿಯ ತುದಿಯಿಂದ ಸಂಕೇತ ಪ್ರತಿಫಲಿಸದಂತೆ ತಡೆಯುವ ರೆಸಿಸ್ಟರ್) ಹಾಕಿದ್ದೀರಾ?

ಪ್ರಶ್ನೆ ಕೇಳಿದವರು:
ಡ್ರೈನ್ ಮತ್ತು 40 ಮಿಲಿಸೆಕೆಂಡಿನ ಅಂತರ ಸೇರಿಸಿ ಇಂದು ಅದೇ ದೃಶ್ಯವನ್ನು ಹತ್ತು ಸಲ ಓಡಿಸಿದೆ. ಹಸಿರು ಒಮ್ಮೆಯೂ ಕಾಣಲಿಲ್ಲ. ಟರ್ಮಿನೇಟರ್ ಇರಲಿಲ್ಲ. ಡಿಎಂಎಕ್ಸ್ ತಂತಿಯ ಎಕ್ಸ್‌ಎಲ್‌ಆರ್ ಕನೆಕ್ಟರ್‌ನ 2 ಮತ್ತು 3ನೇ ಪಿನ್‌ಗಳ ನಡುವೆ ರೆಸಿಸ್ಟರ್ ಬೆಸೆದು ನಾಳೆಯೇ ಹಾಕುತ್ತೇನೆ.