ಆಪ್ಟ್‌ನ ಲಾಕ್ ಫೈಲ್ ಅಳಿಸಬಹುದಾ?

ಪ್ರಶ್ನೆ: ಸರ್, ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕಿಕೊಂಡು ನಾಲ್ಕು ದಿನ ಆಯ್ತು. ಇವತ್ತು ಆನ್ ಮಾಡಿದ ಕೂಡಲೇ, ವಿಡಿಯೋ ನೋಡುವ ವಿಎಲ್‌ಸಿ ಬೇಕು ಅಂತ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ‘ಸುಡೊ ಆಪ್ಟ್ ಇನ್‌ಸ್ಟಾಲ್ ವಿಎಲ್‌ಸಿ’ ಕೊಟ್ಟೆ. ಸಾಫ್ಟ್‌ವೇರ್ ತಂದು ಹಾಕುವುದು ಈ ಆಪ್ಟ್ ತಾನೇ. ಲಾಕ್ ಸಿಗುತ್ತಿಲ್ಲ, ಬೇರೆ ಪ್ರೋಸೆಸ್ ಹಿಡಿದುಕೊಂಡಿದೆ ಅಂತ ಬಂತು. ಒಂದು ವಿಡಿಯೋದಲ್ಲಿ ಲಾಕ್ ಫೈಲನ್ನೇ ಅಳಿಸಿಬಿಡಿ ಅಂತಾರೆ. ಅಳಿಸಲಾ?

ಉತ್ತರ: ಬೇಡ ಮೇಡಂ. ಹತ್ತು ನಿಮಿಷ ಸುಮ್ನೆ ಬಿಡಿ. ಉಬುಂಟು ಭದ್ರತೆಯ ಅಪ್‌ಡೇಟುಗಳನ್ನು ತಾನೇ ಹಾಕಿಕೊಳ್ಳುತ್ತದೆ. ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಆ ಕೆಲಸ ಶುರುವಾಗುವುದು ಮಾಮೂಲು. ಮೆಸೇಜಿನಲ್ಲಿ ‘ಅನ್‌ಅಟೆಂಡೆಡ್’ ಅಂತ ಹೆಸರಿದ್ದರೆ ಅದೇ.

ಆಪ್ಟ್ ತಂದ ಪ್ಯಾಕೇಜನ್ನು (ಕಟ್ಟಿಟ್ಟ ಸಾಫ್ಟ್‌ವೇರ್) ಕೂರಿಸುವುದು ಡಿಪಿಕೆಜಿ. ಯಾವ ಪ್ಯಾಕೇಜ್ ಇದೆ, ಯಾವ ಆವೃತ್ತಿ ಅನ್ನುವ ಲೆಕ್ಕವನ್ನೆಲ್ಲ ಅದು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಒಟ್ಟಿಗೆ ಗೀಚಿದರೆ ಏನಾಗುತ್ತದೆ? ಹಾಗಾಗದಿರಲಿ ಅಂತಲೇ ಲಾಕ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಅವಸರಕ್ಕೆ ಅಳಿಸಿದ್ದೆ. ಅರ್ಧಂಬರ್ಧ ಕೂತ ಪ್ಯಾಕೇಜುಗಳನ್ನು ಸರಿಮಾಡುತ್ತಾ ಒಂದು ಭಾನುವಾರ ಪೂರ್ತಿ ಹೋಯಿತು.

ಪ್ರಶ್ನೆ: ನಡುವೆ ಕರೆಂಟ್ ಹೋದರೆ? ನನ್ನ ಬ್ಯಾಟರಿ ಐದು ನಿಮಿಷವೂ ನಿಲ್ಲಲ್ಲ.

ಉತ್ತರ: ಆಗಲೂ ಲಾಕ್ ಅಳಿಸಬೇಕಿಲ್ಲ. ಮತ್ತೆ ಆನ್ ಮಾಡಿ, ‘ಸುಡೊ ಡಿಪಿಕೆಜಿ’ ಬರೆದು, ಜಾಗ ಬಿಟ್ಟು ಎರಡು ಅಡ್ಡಗೆರೆ ಹಾಕಿ ‘ಕಾನ್ಫಿಗರ್’, ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೆರೆಯ ಜೊತೆ ‘ಎ’ ಕೊಡಿ. ನಿಂತುಹೋದ ಕೆಲಸ ಅಲ್ಲಿಂದ ಮುಂದುವರಿಯುತ್ತದೆ. (ಟರ್ಮಿನಲ್‌ನಲ್ಲಿ ಇದೆಲ್ಲ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ. ಹೋದ ವಾರ ಒಬ್ಬರು ಕನ್ನಡದಲ್ಲೇ ಹೊಡೆದು ಬರುತ್ತಿಲ್ಲ ಅಂದಿದ್ದರು!)

ಇನ್ನೊಬ್ಬರ ಪ್ರಶ್ನೆ: ನಾನು ದಿನಾ ‘ಆಪ್ಟ್ ಅಪ್‌ಡೇಟ್’ ಕೊಡ್ತೀನಿ. ಆದರೂ ಎಲ್ಲಾ ಹಳೇ ಆವೃತ್ತಿಯಲ್ಲೇ ಇದೆ. ಯಾಕೆ?

ಉತ್ತರ: ಅಪ್‌ಡೇಟ್ ಅಂದರೆ ಹೊಸ ಪಟ್ಟಿ ತರುವುದು ಅಷ್ಟೇ. ಸಾಮಾನು ಬರುವುದು ‘ಅಪ್‌ಗ್ರೇಡ್’ ಕೊಟ್ಟಾಗ. ಹೆಸರಿಟ್ಟವರದೇ ತಪ್ಪು, ನಿಮ್ಮದಲ್ಲ.

ಅದೇ ಸದಸ್ಯರು: ವಿಂಡೋಸಿನ ಹಾಗೆ ವೆಬ್‌ಸೈಟಿನಿಂದ ಡೆಬ್ ಫೈಲ್ (ಪ್ಯಾಕೇಜಿನ ಫೈಲ್) ಇಳಿಸಿ ಹಾಕಿದರೆ ಸುಲಭ ಅಲ್ವಾ?

ಉತ್ತರ: ಹಾಕುವುದು ಸುಲಭ, ಆಮೇಲೆ ನೋಡಿಕೊಳ್ಳುವವರು ಯಾರು? ರೆಪಾಸಿಟರಿಯಿಂದ, ಅಂದರೆ ಆಪ್ಟ್ ಸಾಮಾನು ತರುವ ಉಗ್ರಾಣದಿಂದ, ಬಂದದ್ದಕ್ಕೆ ಸಹಿಯ ತಪಾಸಣೆ ಇದೆ, ಮುಂದಿನ ಅಪ್‌ಡೇಟೂ ಬರುತ್ತದೆ. ಬಿಡಿ ಡೆಬ್ ಫೈಲಿಗೆ ಸಾಮಾನ್ಯವಾಗಿ ಎರಡೂ ಇಲ್ಲ. ಕ್ರೋಮ್‌ನಂಥ ಕೆಲವು ತಮ್ಮ ರೆಪಾಸಿಟರಿಯನ್ನೂ ಸೇರಿಸಿಬಿಡುತ್ತವೆ, ಅದು ಬೇರೆ ಮಾತು. ಇನ್ನು ಡಿಪಿಕೆಜಿ ಒಂದರಿಂದಲೇ ಹಾಕಿದರೆ ಜೊತೆಗೆ ಬೇಕಾದ ಲೈಬ್ರರಿಗಳನ್ನು ನೀವೇ ಹುಡುಕಬೇಕು. ಆ ತಲೆನೋವು ತಪ್ಪಿಸಲು ಬಂದದ್ದೇ ಆಪ್ಟ್. ಉಬುಂಟುವಿನ ಮೂಲವಾದ ಡೆಬಿಯನ್‌ನಲ್ಲಿ, 1999ರ 2.1 ಆವೃತ್ತಿಯಿಂದ ಜೊತೆಯಲ್ಲೇ ಬರುತ್ತಿದೆ. ಡೆಬ್ ಹಾಕಲೇಬೇಕಿದ್ದರೆ ಆಪ್ಟ್ ಇನ್‌ಸ್ಟಾಲ್ ಮೂಲಕವೇ ಹಾಕಿ. ಫೈಲಿನ ಹೆಸರಿಗೆ ಮೊದಲು ಚುಕ್ಕಿ, ಓರೆಗೆರೆ ಮರೆಯಬೇಡಿ.

ಕೇಳದೇ ಒಂದು ಮಾತು ಸೇರಿಸುತ್ತೇನೆ. ಆಪ್ಟ್ ಒಪ್ಪಿಗೆ ಕೇಳಿದಾಗ ‘ವೈ’ ಒತ್ತುವ ಮೊದಲು, ತೆಗೆದುಹಾಕುವ ಪಟ್ಟಿ ಇದ್ದರೆ ಅದನ್ನು ಪೂರ್ತಿ ಓದಿ. 2021ರಲ್ಲಿ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್‌ನಲ್ಲಿ (ಉಬುಂಟು ಆಧಾರಿತ ಲಿನಕ್ಸ್) ಆಟಗಳ ಆ್ಯಪ್ ಸ್ಟೀಮ್ ಹಾಕಲು ಹೋದರು. ಪ್ಯಾಕೇಜಿನಲ್ಲೇ ದೋಷವಿತ್ತು. ಡೆಸ್ಕ್‌ಟಾಪ್ ಹೋಗುತ್ತದೆ ಅಂತ ಆಪ್ಟ್ ಎಚ್ಚರಿಸಿತ್ತು. ‘ಹೌದು, ಹೇಳಿದಂತೆ ಮಾಡು’ ಅನ್ನುವ ಅರ್ಥದ ಸಾಲನ್ನು ಟೈಪ್ ಮಾಡಿದರು, ಹೇಳಿದಂತೆಯೇ ಮಾಡಿತು. ಉಳಿದದ್ದು ಕಪ್ಪು ಪರದೆ.

ಮೊದಲ ಸದಸ್ಯೆ: ಸರ್, ಕಾಫಿ ಕುಡಿದು ಬರುವಷ್ಟರಲ್ಲಿ ಲಾಕ್ ಬಿಟ್ಟಿತ್ತು. ವಿಎಲ್‌ಸಿ ಕೂತಿತು. ಕನ್ನಡ ಫಾಂಟಿಗೂ ಆಪ್ಟ್ ಸಾಕಾ?

ಉತ್ತರ: ಸಾಕು. ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’ ಇದೆ, ‘ಫಾಂಟ್ಸ್-ಗುಬ್ಬಿ’ ಇದೆ. ನನಗೆ ಗುಬ್ಬಿ ಇಷ್ಟ. ಟೈಪ್ ಮಾಡಲು ‘ಐಬಸ್-ಎಂ17ಎನ್’ ಹಾಕಿಕೊಂಡು, ಕನ್ನಡದ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಆರಿಸಿ.