ಪೇಜರ್ ಕೂಗಿದಾಗ ಮಗು ಯಾರ ಹತ್ತಿರ?

ಮಂಡ್ಯದ ಕಡೆ ಹುಲ್ಲಿನ ಮೆದೆಗೆ ಬೆಂಕಿ ಬಿದ್ದರೆ ಊರಿಗೆ ಊರೇ ಬಿಂದಿಗೆ ಹಿಡಿದು ಓಡುತ್ತೆ. ಅಮೆರಿಕದ ಸಣ್ಣ ಊರುಗಳಲ್ಲಿ ಹಾಗೆ ಓಡುವವರ ಕೈಗೇ ಬೆಂಕಿಯ ಕರೆ ಬಂದಾಗ ಕೂಗುವ ಪೇಜರ್ ಕೊಟ್ಟು ತರಬೇತಿ ಕೊಟ್ಟಿದ್ದಾರೆ. ಇಲ್ಲಿನ ಅಗ್ನಿಶಾಮಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸ್ವಯಂಸೇವಕರೇ.

ಸೇರಬೇಕೆಂದರೆ ಡ್ರಿಲ್ (ಅಭ್ಯಾಸ) ನಡೆಯುವ ಸಂಜೆ ಅಗ್ನಿಶಾಮಕ ಠಾಣೆಗೆ ಹೋಗಿ; ಹಗಲು ಎಷ್ಟೋ ಠಾಣೆಗಳು ಖಾಲಿ. ಹಿನ್ನೆಲೆ ಪರಿಶೀಲನೆ, ಡ್ರೈವಿಂಗ್ ದಾಖಲೆ, ವೈದ್ಯಕೀಯ ತಪಾಸಣೆ ಇರುತ್ತೆ. ತಪಾಸಣೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಕರ್ತವ್ಯದಲ್ಲಿ ಸಾಯುವವರಲ್ಲಿ ಬೆಂಕಿಗಿಂತ ಹೃದಯಾಘಾತಕ್ಕೆ ಬಲಿಯಾಗುವವರೇ ಹೆಚ್ಚು. ಪ್ರತಿ ಕರೆಗೂ ಕಾಸು ಕೊಡುವ ಠಾಣೆಯಾದರೆ ಎಚ್-1ಬಿ ಕೆಲಸದ ವೀಸಾದವರು ಮೊದಲು ವಕೀಲರನ್ನು ಕೇಳಿ.

ಗಡ್ಡದ ವಿಷಯ. ಮುಖಕ್ಕೂ ಉಸಿರಾಟದ ಮಾಸ್ಕ್‌ಗೂ ನಡುವೆ ಕೂದಲಿದ್ದರೆ ಹೊಗೆ ನುಸುಳುತ್ತೆ, ಅದಕ್ಕೇ ನಿಯಮದಲ್ಲೇ ನಿಷೇಧ. ಅಯ್ಯಪ್ಪ ಮಾಲೆ ಹಾಕುವವರು ಕ್ಯಾಪ್ಟನ್‌ಗೆ ಮುಂಚೆಯೇ ಹೇಳಿ. ಆ ದಿನಗಳಲ್ಲಿ ಮಾಸ್ಕ್ ಬೇಡದ ಪಂಪ್, ಟ್ಯಾಂಕರ್, ಟ್ರಾಫಿಕ್ ಕೆಲಸ ಸಿಗುತ್ತೆ. ಮಾಸ್ಕ್‌ಗೆ ಗಾಳಿ ಕೊಡುವ ಸಿಲಿಂಡರ್ ಮೇಲೆ 30 ನಿಮಿಷ ಎಂದಿದ್ದರೂ ಏದುಸಿರು ಬಿಡುತ್ತಾ ದುಡಿಯುವಾಗ 15-20 ನಿಮಿಷ ಬಂದರೆ ಪುಣ್ಯ. ಮೂರನೇ ಒಂದು ಪಾಲು ಉಳಿದಾಗ ಅಲಾರಂ ಹೊಡೆಯುತ್ತೆ. ಆಗ ತಿರುಗುವುದಲ್ಲ, ಅಷ್ಟರಲ್ಲಿ ಹೊರಗಿರಬೇಕು.

ಹೊಸಬರು ಎಡವುವುದು ನೀರಿನ ಲೆಕ್ಕದಲ್ಲಿ. ಒಂದು ಸಾಮಾನ್ಯ ಹೋಸ್ (ನೀರಿನ ಪೈಪು) ನಿಮಿಷಕ್ಕೆ 150 ಗ್ಯಾಲನ್, ಅಂದರೆ ಸುಮಾರು 570 ಲೀಟರ್ ಕುಡಿಯುತ್ತೆ. ಸಾವಿರ ಗ್ಯಾಲನ್ನಿನ ಗಾಡಿ ಏಳು ನಿಮಿಷದೊಳಗೆ ಬರಿದು. ರಸ್ತೆ ಬದಿ ಹೈಡ್ರಂಟ್ (ಬೆಂಕಿ ಆರಿಸುವ ನೀರಿನ ನಲ್ಲಿ) ಇಲ್ಲದ ಕಡೆ ಟ್ಯಾಂಕರ್‌ಗಳು ಕೆರೆಯಿಂದ ಸರದಿಯಲ್ಲಿ ನೀರು ಹೊರಬೇಕು. ಟ್ಯಾಂಕ್ ಪೂರ್ತಿ ತುಂಬಿರಲಿ ಇಲ್ಲವೇ ಖಾಲಿ ಇರಲಿ. ಅರ್ಧ ತುಂಬಿದ್ದರೆ ತಿರುವಿನಲ್ಲಿ ನೀರು ಒಂದೇ ಮಗ್ಗುಲಿಗೆ ಹೊಯ್ದು, ಕಬ್ಬಿನ ಲೋಡು ವಾಲಿದ ಟ್ರ್ಯಾಕ್ಟರ್ ಥರಾ ಗಾಡಿ ಮಗುಚುತ್ತೆ.

ಮಕ್ಕಳಿರುವ ಮನೆಯವರಿಗೆ ಮುಖ್ಯವಾದದ್ದು ಮಸಿ. ಅಗ್ನಿಶಾಮಕ ವೃತ್ತಿಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2022ರಲ್ಲಿ ಕ್ಯಾನ್ಸರ್ ತರುವುದು ಖಚಿತ ಎನ್ನುವ ಮೊದಲ ಗುಂಪಿಗೆ ಸೇರಿಸಿದೆ. ಬೆಂಕಿ ಆರಿದ ಜಾಗದಲ್ಲೇ ಉಡುಪಿಗೆ ಸೋಪುನೀರು ಹಾಕಿ ಬ್ರಷ್‌ನಿಂದ ಉಜ್ಜಿ, ಚೀಲದಲ್ಲಿ ಕಟ್ಟಿ, ಠಾಣೆಯ ವಾಷಿಂಗ್ ಮೆಷಿನ್‌ಗೇ ಹಾಕಿ. ಮಗುವಿನ ಸೀಟ್ ಇರುವ ಕಾರಿಗೆ ಅದನ್ನು ಹತ್ತಿಸಲೇಬೇಡಿ. ಒಂದು ಗಂಟೆಯೊಳಗೆ ಸ್ನಾನ, ಆಮೇಲೆ ಮಗುವನ್ನು ಎತ್ತಿಕೊಳ್ಳುವುದು.

ಗಂಡ ಹೆಂಡತಿ ಇಬ್ಬರೂ ಸೇರಿದರೆ ಪೇಜರ್ ಪಾಳಿ ಬೇರೆ ಬೇರೆ ಬರೆಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಬಂದು ಮಗು ನೋಡಿಕೊಳ್ಳಲು ಅಜ್ಜಿ ಇರುವುದು ದೂರದ ಮೈಸೂರಿನ ಸರಸ್ವತಿಪುರಂನಲ್ಲಿ. ಹದಿಹರೆಯದವರಿಗೆ ಹಲವು ಠಾಣೆಗಳಲ್ಲಿ ಜೂನಿಯರ್ ತಂಡ ಇದೆ, ವಯಸ್ಸು ರಾಜ್ಯಕ್ಕೊಂದು ಥರ. ಹೋಸ್ ಸುತ್ತುತ್ತಾರೆ, ಹೃದಯ ನಿಂತವರ ಎದೆ ಒತ್ತುವ ಸಿಪಿಆರ್ ಕಲಿಯುತ್ತಾರೆ, ಉರಿಯುವ ಮನೆಯೊಳಗೆ ಅವರನ್ನು ಬಿಡುವುದಿಲ್ಲ.